ಕೈ ಬಿಟ್ಟರೂ ನಿಂತೇ ಇರುವ ಹಾರಾಟ

ಈಚೆಗೆ ನೆಂಟರ ಮದುವೆಯಲ್ಲಿ ವಿಡಿಯೋ ತೆಗೆಯುವ ಹುಡುಗ ಡ್ರೋನ್ ಹಾರಿಸುತ್ತಿದ್ದ. ತೆಂಗಿನ ಮರದ ಎತ್ತರಕ್ಕೆ ಏರಿಸಿ, ರಿಮೋಟಿನ ಕಡ್ಡಿಗಳಿಂದ ಎರಡೂ ಹೆಬ್ಬೆರಳು ತೆಗೆದುಬಿಟ್ಟ. ಡ್ರೋನ್ ಅಲ್ಲೇ ನಿಂತಿತು. ಗಾಳಿ ಜೋರಾದಾಗ ಗಾಳಿ ಬಂದ ಕಡೆಗೇ ಸ್ವಲ್ಪ ವಾಲುತ್ತಿತ್ತು, ಮೋಟಾರುಗಳ ಸದ್ದು ಒಂದು ಕ್ಷಣ ಏರಿ ಇಳಿಯುತ್ತಿತ್ತು. ಜಾಗ ಮಾತ್ರ ಬಿಡಲಿಲ್ಲ.

ನನಗೆ ಕಾಲೇಜಿನ ದಿನಗಳ ಥರ್ಮಾಕೋಲ್ ವಿಮಾನ ನೆನಪಾಯಿತು. ಅದೂ ರಿಮೋಟಿನಿಂದಲೇ ಹಾರುತ್ತಿತ್ತು. ಆದರೆ ಕಣ್ಣು ಮಿಟುಕಿಸಲೂ ಬಿಡುತ್ತಿರಲಿಲ್ಲ. ನಮ್ಮಿಂದ ದೂರ ಹೋಗುವಾಗ ಸರಿ. ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲ, ಅದರ ಬಲ ನಮ್ಮ ಎಡ. ಒಂದು ಸಂಜೆ ಆ ಲೆಕ್ಕ ತಪ್ಪಿ, ಒಂದು ತಿಂಗಳು ಕೂತು ಅಂಟಿಸಿದ ರೆಕ್ಕೆ ಮೈದಾನದ ಬೇವಿನ ಮರಕ್ಕೆ ಬಡಿದು ಮುರಿಯಿತು. ಇವತ್ತಿಗೂ ನೆನೆದರೆ ಬೇಸರವಾಗುತ್ತದೆ.

ಎರಡಕ್ಕೂ ರಿಮೋಟ್ ಇದೆ, ಎರಡರಲ್ಲೂ ಮನುಷ್ಯ ಕೂತಿಲ್ಲ. ಹಾಗಾದರೆ ವ್ಯತ್ಯಾಸ ಏನು? ನಾಲ್ಕು ಫ್ಯಾನ್ ಇದ್ದರೆ ಡ್ರೋನ್, ರೆಕ್ಕೆ ಇದ್ದರೆ ವಿಮಾನ ಅಂತ ಅನೇಕರು ಹೇಳುತ್ತಾರೆ. ಅದು ಸರಿಯಲ್ಲ. ರೆಕ್ಕೆಯಿರುವ ಡ್ರೋನ್‌ಗಳು ಬೇಕಾದಷ್ಟಿವೆ. ನೋಡಬೇಕಾದ್ದು ಬೇರೆ: ಸಮತೋಲ ತಪ್ಪದಂತೆ ಕಾಯುವವರು ಯಾರು? ನೆಲದ ಮೇಲಿರುವ ಬೆರಳೋ, ಮೇಲೆ ಹಾರುತ್ತಿರುವ ಕಂಪ್ಯೂಟರ್ ಚಿಪ್ಪೋ?

ಆಟದ ವಿಮಾನದಲ್ಲಿ ಕಡ್ಡಿ ಎಷ್ಟು ತಿರುಗಿಸಿದೆವೋ ಬಾಲದ ಪಟ್ಟಿ ಅಷ್ಟು ಮಡಚುತ್ತದೆ. ಅಷ್ಟೇ. ತಾನು ಎಲ್ಲಿದ್ದೇನೆ, ಎಷ್ಟು ವಾಲಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಸ್ವಲ್ಪ ಮಟ್ಟಿಗೆ ಕಾಯುವುದು ಅದರ ಆಕಾರ. ರೆಕ್ಕೆಗಳ ತುದಿ ತುಸು ಮೇಲಕ್ಕೆ ಬಾಗಿದ್ದರೆ, ಒಂದು ಪಕ್ಕಕ್ಕೆ ವಾಲಿದರೂ ತಾನಾಗಿ ಸರಿಯಾಗಲು ನೋಡುತ್ತದೆ. ಮೋಟಾರ್ ನಿಂತರೂ ತೇಲಿಕೊಂಡು ಇಳಿಯುತ್ತದೆ.

ನಾಲ್ಕು ಫ್ಯಾನಿನ ಡ್ರೋನ್‌ಗೆ ಈ ಆಸರೆ ಇಲ್ಲ. ಮೋಟಾರ್ ನಿಂತರೆ ಕಲ್ಲಿನ ಹಾಗೆ ಬೀಳುತ್ತದೆ. ಅದರ ಫ್ಯಾನುಗಳನ್ನು ಗಮನಿಸಿ: ಎರಡು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎರಡು ಅದರ ವಿರುದ್ಧ ತಿರುಗುತ್ತವೆ. ನಾಲ್ಕೂ ಒಂದೇ ಕಡೆ ತಿರುಗಿದರೆ ಡ್ರೋನಿನ ಮೈ ಇನ್ನೊಂದು ಕಡೆಗೆ ಬುಗುರಿಯಂತೆ ಸುತ್ತುತ್ತದೆ. ಮುಂದೆ ಹೋಗಬೇಕೇ? ಹಿಂದಿನ ಎರಡು ಫ್ಯಾನ್ ಜಾಸ್ತಿ ವೇಗ ಪಡೆಯುತ್ತವೆ, ಮೈ ಮುಂದಕ್ಕೆ ಬಾಗುತ್ತದೆ. ಮುಖ ತಿರುಗಿಸಬೇಕೇ? ಒಂದೇ ದಿಕ್ಕಿಗೆ ಸುತ್ತುವ ಜೋಡಿಯ ವೇಗ ಏರುತ್ತದೆ, ಇನ್ನೊಂದು ಜೋಡಿಯದು ಇಳಿಯುತ್ತದೆ. ಈ ಹೊಂದಾಣಿಕೆ ಸೆಕೆಂಡಿಗೆ ನೂರಾರು ಸಲ ನಡೆಯಬೇಕು. ಯಾವ ಮನುಷ್ಯನ ಬೆರಳಿಗೂ ಅದು ಆಗದ ಕೆಲಸ.

ನಾಲ್ಕು ಫ್ಯಾನಿನ ಕಲ್ಪನೆ ಹೊಸದೇನಲ್ಲ. 1922ರಲ್ಲೇ ಅಮೆರಿಕದಲ್ಲಿ ಡಿ ಬೊಥೆಝಾಟ್ ಎಂಬ ಎಂಜಿನಿಯರ್ ಅಂಥದ್ದೊಂದು ಹೆಲಿಕಾಪ್ಟರ್ ಹಾರಿಸಿದ್ದರು. ನಡೆಸುವುದು ಬಹಳ ಕಷ್ಟವಾಗಿ ಅದನ್ನು ಕೈಬಿಡಲಾಯಿತು. ಆಮೇಲೆ ಕೆಲಸ ಸಲೀಸು ಮಾಡಿಕೊಟ್ಟದ್ದು, ನನ್ನ ಪ್ರಕಾರ, ನಮ್ಮ ಜೇಬಿನ ಮೊಬೈಲು. ಫೋನು ಅಡ್ಡ ಹಿಡಿದರೆ ಪರದೆ ತಿರುಗುತ್ತದೆ ಅಲ್ವಾ? ಆ ವಾಲುವಿಕೆಯನ್ನು ಅಳೆಯುವ ಪುಟ್ಟ ಚಿಪ್ಪುಗಳು ಕೋಟಿಗಟ್ಟಲೆ ತಯಾರಾಗಿ ಅಗ್ಗವಾದವು. ಜಿಪಿಎಸ್, ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಚಿಪ್ಪು, ಹಗುರವಾದ ಲಿಥಿಯಂ ಬ್ಯಾಟರಿ ಎಲ್ಲ ಕೈಗೆಟುಕಿದವು. 2010ರಲ್ಲಿ ಪ್ಯಾರಟ್ ಕಂಪನಿಯ ಡ್ರೋನ್, 2013ರಲ್ಲಿ ಡಿಜೆಐ ಕಂಪನಿಯ ಫ್ಯಾಂಟಮ್ ಡ್ರೋನ್ ಬಂದವು. ಮುಂದಿನದು ಎಲ್ಲರಿಗೂ ಗೊತ್ತು.

ಡ್ರೋನ್ ಎಂದರೆ ಇಂಗ್ಲಿಷಿನಲ್ಲಿ ಗಂಡು ಜೇನು. 1935ರಲ್ಲಿ ಬ್ರಿಟನ್ನಿನಲ್ಲಿ ಫಿರಂಗಿಯವರ ಗುರಿ ಅಭ್ಯಾಸಕ್ಕೆ ರೇಡಿಯೋದಿಂದ ಹಾರಿಸುವ ವಿಮಾನ ಮಾಡಿದ್ದರು. ಅದರ ಹೆಸರು ಕ್ವೀನ್ ಬೀ, ಅಂದರೆ ರಾಣಿ ಜೇನು. ಡ್ರೋನ್ ಎಂಬ ಮಾತು ಆ ಹೆಸರಿನಿಂದಲೇ ಹುಟ್ಟಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಬೆಂಗಳೂರಿನ ಎಡಿಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ, ಪೈಲಟ್ ಇಲ್ಲದ ಲಕ್ಷ್ಯ ವಿಮಾನದ ಕೆಲಸವೂ ಸೇನೆಯ ಗುರಿ ಅಭ್ಯಾಸವೇ. ಹೆಸರಿನ ಬೇರು ಹಿಡಿದು ಹೋದರೆ ಮೊದಲ ಡ್ರೋನ್ ರಿಮೋಟ್ ವಿಮಾನವೇ ಆಗಿತ್ತು! ಕಾನೂನು ಕೂಡ ಚಿಪ್ಪು ನೋಡುವುದಿಲ್ಲ. 2021ರ ನಮ್ಮ ಡ್ರೋನ್ ನಿಯಮಗಳಲ್ಲಿ ಪೈಲಟ್ ಕೂರದೆ ಹಾರುವುದೆಲ್ಲ ಡ್ರೋನೇ. ವಿಂಗಡಣೆ ತೂಕದಿಂದ: 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, ಹೀಗೆ.

ಆದರೆ ಹಾರಿಸಿ ನೋಡಿದವರಿಗೆ ಡ್ರೋನ್, ಆಟದ ವಿಮಾನ ಎರಡೂ ಒಂದೇ ಅಂತ ಅನ್ನಿಸುವುದೇ ಇಲ್ಲ. ಭತ್ತದ ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ನೋಡಿ. ಗದ್ದೆಯ ನಾಲ್ಕು ಮೂಲೆ ಪರದೆಯ ಮೇಲೆ ಗುರುತು ಮಾಡಿಕೊಟ್ಟರೆ, ಸಾಲು ಸಾಲಾಗಿ ತಾನೇ ಹೋಗಿ ಬರುತ್ತದೆ. ಪೈರಿನಿಂದ ಎಷ್ಟು ಎತ್ತರ ಇದ್ದೇನೆಂದು ಪುಟ್ಟ ರೇಡಾರಿನಿಂದ ಅಳೆಯುತ್ತಲೇ ಇರುತ್ತದೆ. ನಾನು ನೋಡಿದ ದಿನ ಗದ್ದೆಯ ನಡುವೆ ಟ್ಯಾಂಕ್ ಖಾಲಿಯಾಯಿತು. ಡ್ರೋನ್ ಬದುವಿಗೆ ಹಿಂತಿರುಗಿ ಇಳಿಯಿತು. ಔಷಧಿ ತುಂಬಿ, ಬ್ಯಾಟರಿ ಬದಲಿಸಿ ಮತ್ತೆ ಬಿಟ್ಟರು. ಅದು ನೇರ ಹೋಗಿ, ಎಲ್ಲಿ ನಿಲ್ಲಿಸಿತ್ತೋ ಅದೇ ಜಾಗದಿಂದ ಸಿಂಪಡಣೆ ಶುರು ಮಾಡಿತು.

"ಅದಕ್ಕೆ ಹೆಂಗೆ ಗೊತ್ತಾಯ್ತು?" ಎಂದು ಗದ್ದೆಯ ಯಜಮಾನರು ಕೇಳಿದರು. ಹಾರಿಸುತ್ತಿದ್ದ ಹೆಣ್ಣುಮಗಳು ಪರದೆಯ ಮೇಲಿನ ಒಂದು ಚುಕ್ಕೆ ತೋರಿಸಿದಳು. ಹಿಂತಿರುಗುವ ಮೊದಲು ಡ್ರೋನ್ ತಾನೇ ಬರೆದಿಟ್ಟುಕೊಂಡ ಗುರುತು ಅದು.