ನಮ್ಮಿಬ್ಬರ ಕಣ್ಣೂ ಚೆನ್ನಾಗಿರುವಾಗ ಮಗನಿಗೆ ಇರುಳುಗುರುಡು ಹೇಗೆ ಬಂತು?

ಪ್ರಶ್ನೆ: ನಮ್ಮ ಮಗನಿಗೆ 11 ವರ್ಷ. ಸಂಜೆಯಾದರೆ ಮೆಟ್ಟಿಲು ಎಡವುತ್ತಾನೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದಾಗ ಕತ್ತಲಾದ ಮೇಲೆ ನನ್ನ ಸೆರಗನ್ನು ಬಿಡಲೇ ಇಲ್ಲ. ವೈದ್ಯರು ‘ರೆಟಿನೈಟಿಸ್ ಪಿಗ್ಮೆಂಟೋಸಾ’ ಎಂದಿದ್ದಾರೆ. ನಾನು ಮದುವೆಯಾಗಿರುವುದು ಸೋದರಮಾವನನ್ನು. ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಬಸುರಿಯಾಗಿದ್ದಾಗ ನಾನು ಗ್ರಹಣ ನೋಡಿದ್ದೇ ಕಾರಣವೆಂದು ಅಜ್ಜಿ (ನನಗೆ ಅತ್ತೆಯೂ ಅವರೇ) ಹೇಳುತ್ತಾರೆ. ವಿಟಮಿನ್ ಎ ಕೊಟ್ಟರೆ ವಾಸಿಯಾಗುತ್ತದೆಯೇ?

ಉತ್ತರ: ಗ್ರಹಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ, ತಾಯಿ. ನೀವು ಮಾಡಿದ ಯಾವ ಕೆಲಸದಿಂದಲೂ ಇದು ಬಂದಿಲ್ಲ.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಸುಮಾರು 12 ಕೋಟಿ ದಂಡಕೋಶಗಳಿವೆ. ಮಬ್ಬುಗತ್ತಲಲ್ಲಿ ನಮಗೆ ದಾರಿ ತೋರಿಸುವವು ಇವೇ. ಅವುಗಳಲ್ಲಿ ತುಂಬಿರುವ ರೊಡಾಪ್ಸಿನ್ ಎಂಬ ಪ್ರೊಟೀನು ಬೆಳಕನ್ನು ಹಿಡಿಯುತ್ತದೆ. ಈ ಪ್ರೊಟೀನು 348 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. 1990ರಲ್ಲಿ ಅಮೆರಿಕದ ವಿಜ್ಞಾನಿ ಥ್ಯಾಡಿಯಸ್ ಡ್ರೈಜಾ ಮತ್ತು ಸಂಗಡಿಗರು ಇದೇ ಕಾಯಿಲೆಯ ಹಲವು ಕುಟುಂಬಗಳ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದರು. ಪರಸ್ಪರ ಸಂಬಂಧವಿಲ್ಲದ 148 ರೋಗಿಗಳಲ್ಲಿ 17 ಮಂದಿಗೆ ಸರದ 23ನೆಯ ಮಣಿ ಬೇರೆಯಾಗಿತ್ತು: ಪ್ರೋಲಿನ್ ಇರಬೇಕಾದಲ್ಲಿ ಹಿಸ್ಟಿಡಿನ್. ಕಾಯಿಲೆಯಿಲ್ಲದ 102 ಮಂದಿಯಲ್ಲಿ ಒಬ್ಬರಿಗೂ ಆ ಬದಲಾವಣೆ ಇರಲಿಲ್ಲ. ಸರವನ್ನು ಹೇಗೆ ಪೋಣಿಸಬೇಕೆಂದು ಡಿಎನ್‌ಎಯಲ್ಲಿ ಬರೆದಿರುವ ಪಾಠವೇ ಜೀನು. ಆ ಜೀನಿನಲ್ಲಿ ತಪ್ಪಿದ್ದು ಒಂದೇ ಅಕ್ಷರ. ‘ಕಣ್ಣು’ ಎಂದು ಬರೆಯುವಾಗ ಮೊದಲ ಅಕ್ಷರ ತಪ್ಪಿದರೆ ‘ಮಣ್ಣು’ ಆಗುತ್ತದಲ್ಲ, ಹಾಗೆ. ತಪ್ಪು ಅಕ್ಷರದ ಪ್ರೊಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ತಲುಪಬೇಕಾದ ಜಾಗಕ್ಕೆ ತಲುಪದೆ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ದಂಡಕೋಶಗಳು ಸಾಯುತ್ತವೆ. ಆಮೇಲೆ, ಯಾವ ದೋಷವೂ ಇಲ್ಲದ ಶಂಕುಕೋಶಗಳೂ ಅವುಗಳ ಹಿಂದೆಯೇ ಸೊರಗುತ್ತವೆ. ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ಓದಲು, ಮುಖ ಗುರುತಿಸಲು ನಮಗಿರುವುದು ಆ ಶಂಕುಕೋಶಗಳೇ.

ಬಹುಪಾಲು ಜೀನುಗಳು ನಮ್ಮಲ್ಲಿ ಎರಡೆರಡು ಪ್ರತಿಗಳಲ್ಲಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಡ್ರೈಜಾ ಕಂಡ ಆ ಬಗೆಯಲ್ಲಿ ಕೆಟ್ಟ ಪ್ರತಿ ಒಂದಿದ್ದರೂ ಸಾಕು, ಸಾಮಾನ್ಯವಾಗಿ ತಂದೆಗೋ ತಾಯಿಗೋ ಕಾಯಿಲೆ ಇರುತ್ತದೆ. ನಿಮ್ಮ ಮನೆಯ ಕಥೆ ಬೇರೆ ಇರಬೇಕು. ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಕಾರಣವಾಗುವ ಹತ್ತಾರು ಜೀನುಗಳಲ್ಲಿ ಹಲವು, ಎರಡೂ ಪ್ರತಿ ಕೆಟ್ಟಾಗ ಮಾತ್ರ ತೊಂದರೆ ಕೊಡುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ನಾಲ್ಕನೇ ಒಂದು ಭಾಗ ಜೀನುಗಳನ್ನು ಹಂಚಿಕೊಂಡಿರುತ್ತಾರೆ. ನಿಮ್ಮ ತಾತನಲ್ಲೋ ಅಜ್ಜಿಯಲ್ಲೋ ಸುಮ್ಮನೆ ಕುಳಿತಿದ್ದ ಒಂದು ಕೆಟ್ಟ ಪ್ರತಿ ನಿಮ್ಮ ಯಜಮಾನರಿಗೆ ನೇರವಾಗಿ, ನಿಮಗೆ ನಿಮ್ಮ ತಾಯಿಯ ಮೂಲಕ ಬಂದು, ಮಗನಲ್ಲಿ ಎರಡೂ ಒಂದಾಗಿರಬಹುದು. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ಈ ಸಂಭವ ನಾಲ್ಕರಲ್ಲಿ ಒಂದು. ಇದಕ್ಕಾಗಿ ಅಜ್ಜಿಯನ್ನೂ ದೂರಬೇಡಿ, ಇಂಥ ಕೆಲವು ಕೆಟ್ಟ ಪ್ರತಿಗಳು ನಮ್ಮೆಲ್ಲರಲ್ಲೂ ಇವೆ. ಎಕ್ಸ್ ವರ್ಣತಂತುವಿನ ಮೇಲಿನ ಜೀನಿನಿಂದ ಗಂಡುಮಕ್ಕಳಿಗೆ ಬರುವ ಬಗೆಯೂ ಉಂಟು. ಯಾವುದೆಂದು ಜೀನ್ ಪರೀಕ್ಷೆಯಿಂದಲೇ ತಿಳಿಯಬೇಕು.

ಇನ್ನು ವಿಟಮಿನ್ ಎ. ಅದರ ಕೊರತೆಯಿಂದ ಬಂದ ಇರುಳುಗುರುಡು ಅದನ್ನು ಕೊಟ್ಟರೆ ವಾಸಿಯಾಗುತ್ತದೆ, ಇದು ಆಗುವುದಿಲ್ಲ. ಎಬಿಸಿಎ4 ಎಂಬ ಜೀನು ಕೆಟ್ಟಿದ್ದರಂತೂ ಹೆಚ್ಚಿನ ವಿಟಮಿನ್ ಎ ಹಾನಿಯನ್ನೇ ಮಾಡಬಹುದು. ವೈದ್ಯರನ್ನು ಕೇಳದೆ ಕೊಡಬೇಡಿ. ದೃಷ್ಟಿ ಮರಳಿಸುತ್ತೇವೆಂದು ಮಾರುವ ಹನಿಗಳ ಹತ್ತಿರವೂ ಸುಳಿಯಬೇಡಿ.

ಜೀನಿನ ಹೆಸರು ತಿಳಿಯಬೇಕೆನ್ನಲು ಇನ್ನೊಂದು ಕಾರಣವಿದೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಲಕ್ಸ್‌ಟರ್ನಾ ಚಿಕಿತ್ಸೆಯಲ್ಲಿ, ನಿರಪಾಯಕಾರಿ ವೈರಸ್ಸೊಂದು ಜೀನಿನ ಸರಿಯಾದ ಪ್ರತಿಯನ್ನು ಹೊತ್ತು ರೆಟಿನಾದ ಕೋಶಗಳಿಗೆ ತಲುಪಿಸುತ್ತದೆ. ಅದು ಆರ್‌ಪಿಇ65 ಜೀನು ಕೆಟ್ಟವರಿಗೆ ಮಾತ್ರ, ಅದೂ ಕೋಶಗಳು ಇನ್ನೂ ಜೀವಂತ ಉಳಿದಿದ್ದರೆ. ಎರಡೂ ಕಣ್ಣಿಗೆ ಆಗ ನಿಗದಿಯಾದ ಬೆಲೆ 8,50,000 ಡಾಲರ್. ನಮ್ಮಂಥವರ ಕೈಗೆ ಎಟುಕುವ ಮೊತ್ತವಲ್ಲ ಎಂದು ನೋವಿನಿಂದಲೇ ಬರೆಯುತ್ತಿದ್ದೇನೆ. ಬೇರೆ ಜೀನುಗಳ ಮೇಲೂ ಪ್ರಯೋಗಗಳು ನಡೆಯುತ್ತಿವೆ, ಅವುಗಳಿಗೆ ಸೇರಲೂ ಮೊದಲು ಕೇಳುವುದು ಜೀನಿನ ಹೆಸರನ್ನೇ.

ನಿಮ್ಮಿಬ್ಬರ ಮತ್ತು ಮಗನ ರಕ್ತದ ಪರೀಕ್ಷೆಯ ಬಗ್ಗೆ ಕಣ್ಣಿನ ವೈದ್ಯರನ್ನು ಕೇಳಿ. ಫಲಿತಾಂಶವನ್ನು ಬಿಡಿಸಿ ಹೇಳಲು ಜೆನೆಟಿಕ್ ಕೌನ್ಸೆಲಿಂಗ್ ಬೇಕೇ ಬೇಕು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆನುವಂಶಿಕ ಕಾಯಿಲೆಗಳ ಕೆಲಸಕ್ಕೆಂದೇ ಇರುವ ಸಂಸ್ಥೆ, ಅಲ್ಲಿ ವಿಚಾರಿಸಬಹುದು. ಹೋಗುವಾಗ ಮೂರು ತಲೆಮಾರಿನ ಹೆಸರುಗಳನ್ನು, ಯಾರು ಯಾರನ್ನು ಮದುವೆಯಾದರು ಎಂಬುದರ ಸಮೇತ, ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ, ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮತ್ತೆ, ಪರಿಷೆಯನ್ನು ಅವನಿಗೆ ತಪ್ಪಿಸಬೇಡಿ. ಮಧ್ಯಾಹ್ನವೇ ಹೊರಡಿ, ಬೆಳಕಿರುವಾಗ ಎಲ್ಲವನ್ನೂ ನೋಡಲಿ.