ಗ್ರಾಫಿಕ್ಸ್ ಡ್ರೈವರ್ ಯಾವಾಗ ಅಪ್‌ಡೇಟ್ ಮಾಡ್ಬೇಕು? ಮತ್ತೆ ಅದೇ ಪ್ರಶ್ನೆ

"ಹೊಸ ಡ್ರೈವರ್ ಬಂದಿದೆ ಅಂತ ತೋರಿಸ್ತಿದೆ, ಹಾಕ್ಲಾ ಬೇಡ್ವಾ?"

ಇದಕ್ಕೆ ಎಷ್ಟು ಸಲ ಉತ್ತರ ಬರ್ದಿದೀನೋ ಲೆಕ್ಕ ಇಲ್ಲ. ಡ್ರೈವರ್ ಅಂದ್ರೆ ವಿಂಡೋಸೂ ಗೇಮೂ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್. ಈಗಷ್ಟೇ ರಿಲೀಸ್ ಆದ ಗೇಮ್ ಆಡ್ತಿದ್ರೆ, ಸ್ಕ್ರೀನ್ ಕಪ್ಪಾಗೋದು, ಗೇಮ್ ಕ್ರ್ಯಾಶ್ ಆಗೋದು ಏನಾದ್ರೂ ಇದ್ರೆ, ಇಲ್ಲಾ ಸೆಕ್ಯುರಿಟಿ ಫಿಕ್ಸ್ ಬಂದಿದ್ರೆ ಹಾಕಿ. ಇಲ್ಲಾಂದ್ರೆ ಸುಮ್ನಿರಿ.

ಆದ್ರೆ ಯಾರೂ ಸುಮ್ನಿರಲ್ಲ. ಯಾಕಂದ್ರೆ "ಹೊಸ ಡ್ರೈವರ್ ಅಂದ್ರೆ ಜಾಸ್ತಿ ಎಫ್‌ಪಿಎಸ್" (ಸೆಕೆಂಡಿಗೆ ಸ್ಕ್ರೀನ್ ಮೇಲೆ ಮೂಡೋ ಚಿತ್ರಗಳ ಲೆಕ್ಕ) ಅನ್ನೋದು ತಲೇಲಿ ಬೇರು ಬಿಟ್ಟಿದೆ. ರೀ, ಡೌನ್‌ಲೋಡ್ ಬಟನ್ ಪಕ್ಕದಲ್ಲೇ ರಿಲೀಸ್ ನೋಟ್ಸ್ ಇರುತ್ತಲ್ಲ, ಒಂದ್ಸಲ ಓದಿ. ಯಾವ ಗೇಮಿಗೆ ಸಪೋರ್ಟ್ ಸೇರ್ಸಿದಾರೆ, ಯಾವ ಬಗ್ ಸರಿ ಮಾಡಿದಾರೆ, ಯಾವ್ದು ಇನ್ನೂ ಹಾಗೇ ಇದೆ, ಎಲ್ಲಾ ಅಲ್ಲೇ ಇರುತ್ತೆ, ಅದ್ರಲ್ಲಿ ನಿಮ್ ಗೇಮೂ ಇಲ್ಲ ನಿಮ್ ಕಾರ್ಡೂ ಇಲ್ಲ ಅಂದ್ರೆ ಎಫ್‌ಪಿಎಸ್ ಎಲ್ಲಿಂದ ಉದುರ್ಬೇಕು? ಹೌದು, ಇಂಟೆಲ್ ಆರ್ಕ್ ಕಾರ್ಡ್‌ಗಳು 2022ರಲ್ಲಿ ಬಂದಾಗ ಡೈರೆಕ್ಟ್‌ಎಕ್ಸ್ 9 ಅನ್ನೋ ಹಳೇ ಗ್ರಾಫಿಕ್ಸ್ ವ್ಯವಸ್ಥೆ ಬಳಸೋ ಗೇಮ್‌ಗಳಲ್ಲಿ ಒದ್ದಾಡ್ತಿದ್ವು, ಆಮೇಲಿನ ಡ್ರೈವರ್‌ಗಳಿಂದ ನಿಜವಾಗ್ಲೂ ತುಂಬಾ ಸುಧಾರಿಸಿದ್ವು. ಅದು ಹೊಸ ಡಿಸೈನು, ಡ್ರೈವರ್ ಇನ್ನೂ ಹಸಿ ಇತ್ತು. ನಿಮ್ ಐದು ವರ್ಷದ ಕಾರ್ಡಿಂದ ಹಿಂಡೋದೆಲ್ಲಾ ಯಾವತ್ತೋ ಹಿಂಡಿ ಆಗಿದೆ.

ತಮಾಷೆ ಏನಂದ್ರೆ ಡ್ರೈವರ್ ಬದ್ಲಾದ್ರೆ ಹಳೇ ಶೇಡರ್ ಕ್ಯಾಶ್ (ಗೇಮಿನ ಚಿತ್ರ ಬಿಡಿಸೋ ಕೋಡನ್ನ ಮೊದ್ಲೇ ತಯಾರು ಮಾಡಿಟ್ಟಿರೋ ಫೈಲ್‌ಗಳು) ಸಾಮಾನ್ಯವಾಗಿ ಕೆಲ್ಸಕ್ಕೆ ಬರಲ್ಲ, ಗೇಮ್ ಅದನ್ನ ಮತ್ತೆ ಕಟ್ಕೋಬೇಕು, ಅದಕ್ಕೇ ಮೊದಲ ಸ್ವಲ್ಪ ಹೊತ್ತು ತಡವರಿಸುತ್ತೆ. ಅಷ್ಟಕ್ಕೇ ಗಾಬರಿಯಾಗಿ ಇನ್ನೊಂದು ಡ್ರೈವರ್ ಹಾಕೋರನ್ನ ನೋಡಿದೀನಿ! ಹೊಸದೆಲ್ಲಾ ಒಳ್ಳೇದು ಅನ್ನೋರಿಗೆ ಇನ್ನೊಂದು ಮಾತು: 2010ರ ಮಾರ್ಚಲ್ಲಿ ಎನ್‌ವಿಡಿಯಾದ 196.75 ಡ್ರೈವರ್ ಬಂತು, ಕೆಲವು ಕಾರ್ಡ್‌ಗಳಲ್ಲಿ ಫ್ಯಾನ್ ಸರಿಯಾಗಿ ತಿರುಗ್ದೆ ಬಿಸಿ ಏರಿ, ಕಂಪನಿನೇ ಅದನ್ನ ವಾಪಸ್ ತಗೊಳ್ತು. ಅರ್ಜೆಂಟ್ ಇಲ್ದಿದ್ರೆ ಒಂದು ವಾರ ಕಾಯಿರಿ, ಮೊದ್ಲು ಹಾಕ್ದೋರು ಬೈಯೋದು ಕೇಳ್ಸುತ್ತೆ.

ಇನ್ನು ಡಿಡಿಯು ಬಗ್ಗೆ, ಅಂದ್ರೆ ಹಳೇ ಡ್ರೈವರನ್ನ ಬೇರು ಸಮೇತ ಕಿತ್ತು ಹಾಕೋ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನೋ ಸಾಫ್ಟ್‌ವೇರ್. ಯಾರೂ ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಪ್ರತೀ ಅಪ್‌ಡೇಟಿಗೂ ಹಳೇದನ್ನ ಡಿಡಿಯು ಹಾಕಿ ತೊಳೀಬೇಕಾಗಿಲ್ಲ. ಎಎಂಡಿ ಕಾರ್ಡಿಂದ ಎನ್‌ವಿಡಿಯಾಗೆ ಹೋದಾಗ, ಇಲ್ಲಾ ಡ್ರೈವರ್ ಪೂರ್ತಿ ಕೆಟ್ಟು ಕೂತಾಗ ಸಾಕು. ಆಗ್ಲೂ ಸೇಫ್ ಮೋಡಲ್ಲಿ (ವಿಂಡೋಸ್ ತೀರಾ ಬೇಕಾದಷ್ಟನ್ನೇ ಇಟ್ಕೊಂಡು ಶುರುವಾಗೋ ರೀತಿ), ನೆಟ್ ಕಿತ್ತು ಮಾಡಿ, ಇಲ್ಲಾಂದ್ರೆ ನೀವು ತೊಳೆದು ಮುಗಿಸೋಷ್ಟ್ರಲ್ಲಿ ವಿಂಡೋಸ್ ತನ್ನದೊಂದು ಡ್ರೈವರ್ ತಂದು ಕೂರಿಸಿರುತ್ತೆ. ವಿಂಡೋಸಿನ ಡಿವೈಸ್ ಮ್ಯಾನೇಜರಲ್ಲಿ ಹಿಂದಿನ ಡ್ರೈವರಿಗೆ ವಾಪಸ್ ಹೋಗೋ "ರೋಲ್ ಬ್ಯಾಕ್ ಡ್ರೈವರ್" ಬಟನ್ ಇದ್ಯಲ್ಲ, ಹಳೇದನ್ನ ನೀವೇ ತೊಳೆದು ಹಾಕಿದ್ರೆ ಅದು ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತೆ, ಒತ್ತಿದ್ರೂ ಅಲ್ಲಾಡಲ್ಲ. ಅದಕ್ಕೇ ಚೆನ್ನಾಗಿ ಓಡ್ತಿದ್ದ ಡ್ರೈವರ್‌ನ ಇನ್‌ಸ್ಟಾಲರ್ ಫೈಲನ್ನ ಒಂದು ಫೋಲ್ಡರಲ್ಲಿ ಎತ್ತಿಟ್ಕೊಳಿ.