ಗಾಂಜಾ ಗಿಡಕ್ಕೆ ಎಷ್ಟು ಬೆಳಕು ಜಾಸ್ತಿ?

2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರೊಳಗೆ ದೀಪ ಹಾಕಿ ಗಾಂಜಾ ಬೆಳೆಸುತ್ತಿದ್ದದ್ದನ್ನು ಪೊಲೀಸರು ಹಿಡಿದ ಸುದ್ದಿ ನಿಮಗೆ ನೆನಪಿರಬಹುದು. ಅಲ್ಲಿಯವರೆಗೆ ಗಾಂಜಾ ಅಂದರೆ ಜೋಳದ ಹೊಲದ ನಡುವೆ, ಶುಂಠಿಯ ಮರೆಯಲ್ಲಿ ಕದ್ದು ಬೆಳೆಯುವ ಗಿಡ ಅಂತಲೇ ನಾವೆಲ್ಲ ಕೇಳಿದ್ದು. ಕಾನೂನು ಗೊತ್ತೇ ಇದೆ. 1985ರ ಮಾದಕ ವಸ್ತು ತಡೆ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಬೆಳೆದರೆ 10 ವರ್ಷದವರೆಗೆ ಜೈಲು. ಅದನ್ನು ಅಲ್ಲಿಗೇ ಬಿಡೋಣ. ನನ್ನ ಕುತೂಹಲ ಗಿಡದ ಬಗ್ಗೆ. ಬಟ್ಟಬಯಲ ಬಿಸಿಲಿಗೆ ಒಗ್ಗಿದ ಗಿಡ ಅದು. ಅದನ್ನು ಕೋಣೆಯೊಳಗೆ ಕೂರಿಸಿ ಮೇಲಿಂದ ಎಲ್‌ಇಡಿ ಉರಿಸಿದರೆ ಎಷ್ಟು ಬೆಳಕು ತಡೆದುಕೊಳ್ಳುತ್ತದೆ? ಕೆನಡಾದಲ್ಲಿ 2018ರಲ್ಲಿ ಗಾಂಜಾ ಕಾನೂನುಬದ್ಧವಾದ ಮೇಲೆ ಅಲ್ಲಿನ ವಿಜ್ಞಾನಿಗಳು ಇದನ್ನು ಕೂತು ಅಳೆದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಸ್ವಲ್ಪ ವಿಚಿತ್ರವಾಗಿದೆ, ನಮ್ಮ ಮೆಣಸು ಏಲಕ್ಕಿಯ ತೋಟಕ್ಕೂ ಅದರಲ್ಲಿ ವಿಷಯ ಇದೆ.

ಮೊದಲು ಅಳತೆ. ವ್ಯಾಟ್ ಅನ್ನು ಮರೆತುಬಿಡಿ, ಅದು ದೀಪ ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ. ಲಕ್ಸ್ ಮನುಷ್ಯರ ಕಣ್ಣಿನ ಲೆಕ್ಕ. ನಮಗೆ ಹಸಿರು ಜಾಸ್ತಿ ಕಾಣುತ್ತದೆ, ಕೆಂಪು ನೀಲಿ ಕಮ್ಮಿ. ಎಲೆಗೆ ಬೇಕಾಗಿರುವುದು ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು. ಅದಕ್ಕೇ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ, 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಎಷ್ಟು ಫೋಟಾನ್ ಬಿತ್ತು ಅಂತ ಎಣಿಸುತ್ತಾರೆ. ಸಂಖ್ಯೆ ತೀರಾ ದೊಡ್ಡದಾಗುವುದರಿಂದ ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಮೋಡವಿಲ್ಲದ ಬೇಸಿಗೆಯ ನಡುಮಧ್ಯಾಹ್ನ ಬಯಲಿನಲ್ಲಿ ಸುಮಾರು 2000 ಮೈಕ್ರೋಮೋಲ್ ಬೀಳುತ್ತದೆ. ಮನೆಯ ಹಾಲ್‌ನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಸಾಮಾನ್ಯವಾಗಿ 10 ಕೂಡ ಇರುವುದಿಲ್ಲ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಇಷ್ಟು ಅಂತರ ಇದೆ ಅಂತ ಅನಿಸುವುದೇ ಇಲ್ಲ. ಒಳಗಿಟ್ಟ ತುಳಸಿ ದಿನಾ ನೀರು ಹಾಕಿದರೂ ಯಾಕೆ ಸೊರಗುತ್ತದೆ ಅನ್ನುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ನೋಡಬೇಕು.

ಈಗ ಎಲೆಯೊಳಗೆ ಹೋಗೋಣ. ಬೆಳಕನ್ನು ಹಿಡಿಯುವುದು ಕ್ಲೋರೋಫಿಲ್, ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡದ ಕೆಲಸ. ಹಾಗೆ ಹಿಡಿದ ಶಕ್ತಿಯಿಂದ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಸಕ್ಕರೆಯ ದಾರಿಗೆ ಹಚ್ಚುವುದು ರುಬಿಸ್ಕೋ ಎಂಬ ಕಿಣ್ವ. ಇದು ಭಾರಿ ನಿಧಾನ, ಸೆಕೆಂಡಿಗೆ ಕೆಲವೇ ಅಣುಗಳು. ಕೊಯ್ಲಿನ ಸಮಯದಲ್ಲಿ ಅಂಗಳಕ್ಕೆ ಅಡಿಕೆ ಗೊನೆ ಬಂದು ಬೀಳುತ್ತಲೇ ಇರುತ್ತದೆ, ಸುಲಿಯುವವರು ಮಾತ್ರ ಇದ್ದಷ್ಟೇ ಜನ, ಹಾಗೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಬೆಳಕು ಸುರಿದರೂ ಸಕ್ಕರೆ ಜಾಸ್ತಿ ಆಗುವುದಿಲ್ಲ. ಖರ್ಚಾಗದೆ ಉಳಿದ ಶಕ್ತಿ ಸುಮ್ನೆ ಕೂರುವುದೂ ಇಲ್ಲ. ಅದು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿ, ಅದನ್ನು ಎಲೆಯನ್ನೇ ಸುಡುವ ಉಗ್ರ ರೂಪಕ್ಕೆ ತಿರುಗಿಸುತ್ತದೆ. ಹಾಗಾಗಿ ಎಷ್ಟು ಬೆಳಕು ಜಾಸ್ತಿ ಅನ್ನುವುದನ್ನು ತೀರ್ಮಾನಿಸುವುದು ಎಲೆಗೆ ಎಷ್ಟು ಖರ್ಚು ಮಾಡಲು ಆಗುತ್ತದೆ ಅನ್ನುವ ಸಂಗತಿ. ನೀರಿಲ್ಲದೆ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಂಡರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ, ಆಗ ನಿನ್ನೆಯವರೆಗೆ ಆರಾಮಾಗಿ ತಡೆದುಕೊಂಡಿದ್ದ ಬೆಳಕೇ ಇವತ್ತು ಹೊರೆ.

ಎಲೆ ಇದಕ್ಕೆಲ್ಲ ತಯಾರಾಗಿಯೇ ಇರುತ್ತದೆ, ಸಸ್ಯವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಬೆಳಕು ಜೋರಾದರೆ ಜೀವಕೋಶದೊಳಗಿನ ಹಸಿರು ಕಣಗಳು ಎದ್ದು ಪಕ್ಕದ ಗೋಡೆಗೆ ಸರಿದು, ಒಂದರ ನೆರಳಲ್ಲಿ ಒಂದು ನಿಲ್ಲುತ್ತವೆ. ಇದಕ್ಕೆ ಸೂಚನೆ ಕೊಡುವುದು ನೀಲಿ ಬೆಳಕು. ಅದರ ಜೊತೆಗೇ ವಯೋಲಾಜ್ಯಾಂಥಿನ್ ಎಂಬ ಹಳದಿ ವಸ್ತು ಕೆಲವೇ ನಿಮಿಷಗಳಲ್ಲಿ ಝಿಯಾಜ್ಯಾಂಥಿನ್ ಆಗಿ ಬದಲಾಗುತ್ತದೆ. ಅದರ ನೆರವಿನಿಂದ ಎಲೆ ಮಿಕ್ಕ ಶಕ್ತಿಯನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಇಷ್ಟಾದ ಮೇಲೂ ಏಟು ಬೀಳುವ ಒಂದು ಜಾಗ ಇದೆ. ಬೆಳಕು ಹಿಡಿಯುವ ಯಂತ್ರದ ನಡುವೆ ಡಿ1 ಅನ್ನುವ ಪ್ರೋಟೀನ್ ಇದೆ, ಬಿಸಿಲಿದ್ದಷ್ಟು ಹೊತ್ತೂ ಅದು ಒಡೆಯುತ್ತಲೇ ಇರುತ್ತದೆ, ಎಲೆ ಅದನ್ನು ಕಿತ್ತು ಹೊಸದನ್ನು ಕೂರಿಸುತ್ತಲೇ ಇರುತ್ತದೆ. ನಿಮ್ಮ ಹಿತ್ತಲಿನ ಬಸಳೆಯಲ್ಲೂ ಇದು ದಿನಾ ನಡೆಯುತ್ತಿದೆ. ಒಡೆಯುವ ವೇಗ ರಿಪೇರಿಯ ವೇಗವನ್ನು ದಾಟಿದಾಗ ಮಾತ್ರ ತೊಂದರೆ ಶುರು. ಅದು ಮುಂದುವರಿದರೆ ಎಲೆ ಮೊದಲು ಮಂಕಾಗಿ, ಆಮೇಲೆ ಬಿಳಿಚಿಕೊಳ್ಳುತ್ತದೆ.

ಸರಿ, ಗಾಂಜಾದ ಮಿತಿ ಎಲ್ಲಿ? 2008ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದವರು ಒಂದೊಂದೇ ಎಲೆಯನ್ನು ಅಳೆದು, ಸುಮಾರು 30 ಡಿಗ್ರಿ ಬಿಸಿಯಲ್ಲಿ 1500 ಮೈಕ್ರೋಮೋಲ್ ಹತ್ತಿರ ಎಲೆಯ ಕೆಲಸ ತುತ್ತತುದಿ ಮುಟ್ಟುತ್ತದೆ ಅಂದರು. ಎಲೆಯ ಮಟ್ಟಿಗೆ ಇದೇ ಬಹಳ ಜಾಸ್ತಿ. 2021ರಲ್ಲಿ ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದವರು ಎಲೆ ಬಿಟ್ಟು ಇಡೀ ಗಿಡ ಹಿಡಿದರು. ಹೂ ಬಿಡುವ ಹಂತದ ಗಿಡಗಳನ್ನು 120ರಿಂದ 1800 ಮೈಕ್ರೋಮೋಲ್‌ವರೆಗೆ ಬೇರೆ ಬೇರೆ ಬೆಳಕಿನಲ್ಲಿ ಬೆಳೆಸಿದರು. ಒಂದೊಂದೇ ಎಲೆಯ ಕೆಲಸ 1800ಕ್ಕಿಂತ ಎಷ್ಟೋ ಮೊದಲೇ ನಿಂತಿತು. ಹೂವಿನ ಇಳುವರಿ ಮಾತ್ರ 1800ರವರೆಗೂ ನೇರ ಗೆರೆ ಎಳೆದ ಹಾಗೆ ಏರುತ್ತಲೇ ಹೋಯಿತು.

ಎರಡೂ ಹೇಗೆ ನಿಜವಾಗುತ್ತದೆ? ಗಿಡ ಅಂದರೆ ಮೇಲಿನ ಎಲೆ ಮಾತ್ರ ಅಲ್ಲ, ಅಲ್ವಾ. ತುದಿಯ ಎಲೆಗೆ ಸಾಕಾಗಿ ಬೇಡವಾದ ಹೊತ್ತಿನಲ್ಲೂ ಅದರ ಕೆಳಗಿನ ಎಲೆಗಳು ನೆರಳಲ್ಲಿ ಹಸಿದಿರುತ್ತವೆ. ಮೇಲಿಂದ ಬೆಳಕು ಜಾಸ್ತಿ ಸುರಿದರೆ ಎಲೆಗಳ ಸಂದಿಯಲ್ಲಿ ಅಷ್ಟಿಷ್ಟು ಇಳಿದು ಅವಕ್ಕೂ ಸಿಗುತ್ತದೆ. ಜೊತೆಗೆ ಆ ಗಿಡಗಳು ವಾರಗಟ್ಟಲೆ ಅದೇ ಬೆಳಕಿನಲ್ಲಿ ಬೆಳೆದವು, ಹೊಸ ಎಲೆಗಳು ಅದಕ್ಕೆ ತಕ್ಕ ಹಾಗೇ ರೂಪುಗೊಂಡವು. ಇನ್ನೊಂದು ಮಾತು: ಬೆಳಕು ಜಾಸ್ತಿಯಾದರೆ ಅಮಲೂ ಜಾಸ್ತಿ ಅನ್ನುವ ನಂಬಿಕೆಗೆ ಈ ಪ್ರಯೋಗದಲ್ಲಿ ಯಾವ ಆಧಾರವೂ ಸಿಗಲಿಲ್ಲ. ಹೂವಿನ ತೂಕ ಏರಿತು, ಅಮಲು ತರುವ ವಸ್ತುವೂ ಸೇರಿದಂತೆ ಅದರೊಳಗಿನ ಕ್ಯಾನಬಿನಾಯ್ಡ್‌ಗಳ ಪ್ರಮಾಣ ಇದ್ದಲ್ಲೇ ಇತ್ತು.

ದಿನದ ಒಟ್ಟು ಲೆಕ್ಕವೂ ಇದೆ. ಸೆಕೆಂಡಿಗೆ 600 ಮೈಕ್ರೋಮೋಲ್ ಅನ್ನು 18 ಗಂಟೆ ಕೊಟ್ಟರೂ, 900 ಅನ್ನು 12 ಗಂಟೆ ಕೊಟ್ಟರೂ ದಿನಕ್ಕೆ ಬೀಳುವುದು ಸುಮಾರು 39 ಮೋಲ್ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಸಂಖ್ಯೆ ಒಂದೇ, ಗಿಡಕ್ಕೆ ಒಂದೇ ಅಲ್ಲ. ಗಾಂಜಾದ ಬಹುಪಾಲು ತಳಿಗಳು ರಾತ್ರಿ ಉದ್ದವಾದರೆ ಮಾತ್ರ ಹೂ ಬಿಡುತ್ತವೆ. ಹಾಗಾಗಿ ಅವಕ್ಕೆ ಕತ್ತಲೂ ಲೆಕ್ಕದಲ್ಲಿ ಬರುತ್ತದೆ.

ಹಾಗಾದರೆ ಒಳಾಂಗಣದಲ್ಲಿ ಗಿಡ ಬಿಳಿಚಿಕೊಳ್ಳುವುದು ಯಾಕೆ, 1800ರವರೆಗೂ ತಡೆಯುತ್ತದಲ್ಲ? ಒಂದು ಕಾರಣ ಎಲ್‌ಇಡಿ. ಹಳೆಯ ಸೋಡಿಯಂ ದೀಪ ಮುಂದಕ್ಕೇ ಧಗೆ ಕಾರುತ್ತಿತ್ತು, ಕೈ ಒಡ್ಡಿದರೆ ಸುಡುತ್ತಿತ್ತು, ಜನ ತಾವಾಗಿಯೇ ದೂರ ಇಡುತ್ತಿದ್ದರು. ಎಲ್‌ಇಡಿ ಹಾಗೆ ಸುಡುವುದಿಲ್ಲ. ಕೈಗೆ ತಂಪಾಗಿದೆ ಅಂತ ಗಿಡದ ನೆತ್ತಿಗೇ ತಂದಿಟ್ಟರೆ ತುದಿಯ ಹೂ ಬೆಳ್ಳಗಾಗುತ್ತದೆ. ಇನ್ನೊಂದು ಕಾರಣ ಅವಸರ: ಮಂದ ಬೆಳಕಿನಲ್ಲಿ ಬೆಳೆದ ತೆಳು ಎಲೆಯನ್ನು ಒಂದೇ ದಿನದಲ್ಲಿ ಜೋರು ಬೆಳಕಿಗೆ ಒಡ್ಡುವುದು. ನೆರಳುಬಲೆಯ ಕೆಳಗಿಂದ ಮೆಣಸಿನ ಸಸಿ ತಂದು ಸೀದಾ ಬಿಸಿಲಲ್ಲಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಗಿಡಗಳು ಈ ಸಾಲಿನ ಇನ್ನೊಂದು ತುದಿಯಲ್ಲಿವೆ. ಏಲಕ್ಕಿ, ಮೆಣಸು ಎರಡೂ ಕಾಡಿನ ನೆರಳಿನವು, ಬಯಲ ಬಿಸಿಲಿನ ಸಣ್ಣ ಪಾಲಿಗೇ ಅವುಗಳ ಎಲೆಗೆ ಸಾಕಾಗುತ್ತದೆ. ತೋಟದವರಿಗೆ ಇದು ಮೀಟರ್ ಇಲ್ಲದೆಯೇ ಗೊತ್ತು. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಒಮ್ಮೆ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣಕ್ಕೆ ವಾಲಿಯೇ ಇರುತ್ತಾನೆ, ಮಳೆ ನಿಂತು ಮಣ್ಣು ಒಣಗುವುದೂ ಆ ತಿಂಗಳುಗಳಲ್ಲೇ. ಆಧಾರದ ಮರದ ಉತ್ತರಕ್ಕೆ ಗುಂಡಿ ತೆಗೆದು ಮೆಣಸು ನೆಡಿ ಅನ್ನುವುದು ಇದಕ್ಕೇ. ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಕಡೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದೂ ಅದಕ್ಕೇ, ಕಾಂಡದ ವಿಷಯದಲ್ಲಿ ಮಾತ್ರ ಬೆಳಕಿಗಿಂತ ಸಂಜೆ ಮುಂಚಿನ ಬಿಸಿಯ ಪಾಲು ಜಾಸ್ತಿ.

ತೋಟದ ನೆರಳಲ್ಲಿ ಕೋಣೆಯ ದೀಪಕ್ಕಿಲ್ಲದ ಒಂದು ಫಜೀತಿ ಇದೆ. ಬೆಳಕು ಒಂದೇ ಸಮ ಇರುವುದಿಲ್ಲ. ಸೋಗೆಗಳ ಸಂದಿಯಿಂದ ಬಿಸಿಲಿನ ತುಣುಕು ಬಂದು ಮೆಣಸಿನ ಎಲೆಯ ಮೇಲೆ ಬಿದ್ದು, ಸ್ವಲ್ಪ ಹೊತ್ತಿಗೆ ಸರಿದು ಹೋಗುತ್ತದೆ. ಎಲೆ ರಕ್ಷಣೆಗೆ ಬೇಗ ಬ್ರೇಕ್ ಹಾಕುತ್ತದೆ, ಬಿಡುವಾಗ ಮಾತ್ರ ನಿಧಾನ. ಬಿಸಿಲು ಹೋದ ಮೇಲೂ ನಿಮಿಷಗಟ್ಟಲೆ ಸಿಕ್ಕ ಅಷ್ಟಿಷ್ಟು ಬೆಳಕನ್ನೂ ಶಾಖವಾಗಿ ಚೆಲ್ಲುತ್ತಲೇ ಇರುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಮತ್ತು ಜೊತೆಯವರು 2016ರಲ್ಲಿ ತಂಬಾಕಿನ ಜೀನ್ ಬದಲಿಸಿ ಈ ಬ್ರೇಕ್ ಬೇಗ ಬಿಡುವ ಹಾಗೆ ಮಾಡಿದರು, ಗಿಡದ ತೂಕ ಸುಮಾರು ಶೇ. 15ರಷ್ಟು ಏರಿತು. 2022ರಲ್ಲಿ ಇದೇ ಬದಲಾವಣೆ ಮಾಡಿದ ಸೋಯಾದ ಫಲಿತಾಂಶ ಬಂತು: ಮೊದಲ ವರ್ಷ ಹೊಲದಲ್ಲಿ ಅದರ ಕೆಲವು ತಳಿಗಳು ಶೇ. 20ಕ್ಕೂ ಜಾಸ್ತಿ ಇಳುವರಿ ಕೊಟ್ಟವು, ಮರುವರ್ಷ ಗಿಡಗಳು ನೆಲಕ್ಕೆ ಮಲಗಿ ವ್ಯತ್ಯಾಸವೇ ಕಾಣಲಿಲ್ಲ. ತಂಬಾಕು, ಸೋಯಾ ಎರಡೂ ಬಯಲಿನ ಬೆಳೆಗಳು. ದಿನವಿಡೀ ತುಣುಕು ಬಿಸಿಲಲ್ಲೇ ಬದುಕುವ ಮೆಣಸಿನ ಬಳ್ಳಿಯಲ್ಲಿ ಈ ಬ್ರೇಕಿನಿಂದ ಆಗುವ ನಷ್ಟ ಎಷ್ಟು ಅಂತ ಅಳೆದು ನೋಡುವುದು, ನನ್ನ ಮಟ್ಟಿಗೆ, ಗಾಂಜಾಕ್ಕೆ ಇನ್ನೊಂದು ದೀಪ ಸೇರಿಸುವುದಕ್ಕಿಂತ ಒಳ್ಳೆಯ ಪ್ರಯೋಗ.